ವರ್ಮಿಲಿಯನ್ ಸ್ಯಾಂಡ್ಸ್ ಕಥೆಗಳಲ್ಲಿ ಶಿಲ್ಪಕಲೆ

ವರ್ಮಿಲಿಯನ್ ಸ್ಯಾಂಡ್ಸ್ ಎಂಬುದು ಇಂಗ್ಲಿಷ್ ಲೇಖಕ ಜೆ. ಜಿ. ಬ್ಯಾಲರ್ಡ್ (1930–2009) ಅವರು ಕಲ್ಪಿಸಿದ ಮರುಭೂಮಿಯ ವಿಹಾರಪಟ್ಟಣ. 1956ರಿಂದ ಬಿಡಿಬಿಡಿಯಾಗಿ ಪ್ರಕಟವಾದ ಇದರ ಕಥೆಗಳು 1971ರಲ್ಲಿ ಅದೇ ಹೆಸರಿನ ಸಂಕಲನವಾಗಿ ಹೊರಬಂದವು. ಈ ವೈಜ್ಞಾನಿಕ ಕಥಾಲೋಕದಲ್ಲಿ ಶಿಲ್ಪವು ಜಡವಸ್ತುವಲ್ಲ. ಅದು ಹಾಡುತ್ತದೆ, ಬೆಳೆಯುತ್ತದೆ, ಕರಗಿಹೋಗುತ್ತದೆ.

ನಾದಶಿಲ್ಪ

'ದಿ ಸಿಂಗಿಂಗ್ ಸ್ಟ್ಯಾಚ್ಯೂಸ್' (1962) ಕಥೆಯ ಶಿಲ್ಪಗಳು ನೋಡುಗರ ಸಾಮೀಪ್ಯಕ್ಕೆ ಸ್ಪಂದಿಸಿ ನಾದ ಹೊರಡಿಸುತ್ತವೆ. ಶ್ರೀಮಂತ ಗ್ರಾಹಕಿಯೊಬ್ಬಳು ಮೆಚ್ಚಿದ ಗಾನವು ವಾಸ್ತವವಾಗಿ ಪ್ರತಿಮೆಯೊಳಗೆ ಅಡಗಿದ್ದ ಶಿಲ್ಪಿಯದೇ ಆಗಿರುತ್ತದೆ. 'ವೀನಸ್ ಸ್ಮೈಲ್ಸ್' ಕಥೆಯಲ್ಲಿ (ಮೂಲರೂಪ 1957) ಪಟ್ಟಣದ ಚೌಕದಲ್ಲಿ ಸ್ಥಾಪಿಸಿದ ಲೋಹಶಿಲ್ಪವನ್ನು ಜನರು ತಿರಸ್ಕರಿಸುತ್ತಾರೆ. ತೆರವುಗೊಳಿಸಿದ ಬಳಿಕ ಅದು ಗಿಡದಂತೆ ಬೆಳೆಯತೊಡಗುತ್ತದೆ. ತುಂಡರಿಸಿ ಕರಗಿಸಿದ ಅದರ ಲೋಹ ಹೊಸ ಕಟ್ಟಡದ ತೊಲೆಗಳಲ್ಲಿ ಸೇರಿ ಮತ್ತೆ ಮಿಡಿಯುತ್ತದೆ.

ಮೇಘಶಿಲ್ಪ

'ದಿ ಕ್ಲೌಡ್ ಸ್ಕಲ್ಪ್ಟರ್ಸ್ ಆಫ್ ಕೋರಲ್ ಡಿ' (1967) ಕಥೆಯ ಕಲಾವಿದರು ಗ್ಲೈಡರುಗಳಲ್ಲಿ ಹಾರಿ, ಸಿಲ್ವರ್ ಅಯೊಡೈಡ್ ಸಿಂಪಡಿಸಿ ಮೋಡಗಳನ್ನು ಕೆತ್ತುತ್ತಾರೆ. ಆತ್ಮಮೋಹಿ ಸಿರಿವಂತೆಯೊಬ್ಬಳು ಬಿರುಗಾಳಿಯ ಮೋಡದಲ್ಲಿಯೂ ತನ್ನ ಮುಖವನ್ನೇ ಮೂಡಿಸಲು ಬಯಸುತ್ತಾಳೆ. ಪರಿಣಾಮವಾಗಿ ಕಲಾವಿದನೊಬ್ಬನೂ ಕೊನೆಗೆ ಆಕೆಯೂ ಸಾಯುತ್ತಾರೆ. ಕಲಾಕೃತಿ ಉಳಿಯುವುದು ಕೆಲವೇ ನಿಮಿಷ. ಅದಕ್ಕೆ ತೆತ್ತ ಬೆಲೆಯೋ ಪ್ರಾಣ.

ಕರ್ನಾಟಕದ ಸಂದರ್ಭದಲ್ಲಿ

ಈ ಕಲ್ಪನೆಗಳು ಕನ್ನಡ ಓದುಗರಿಗೆ ತೀರ ಅಪರಿಚಿತವೇನಲ್ಲ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಂಗೀತ ಸ್ತಂಭಗಳು ತಟ್ಟಿದರೆ ನಾದಗೈಯುವ ಶಿಲೆಗಳು. ಸವೆತ ತಡೆಯಲೆಂದು ಈಗ ಅವುಗಳನ್ನು ತಟ್ಟುವುದನ್ನು ನಿಷೇಧಿಸಲಾಗಿದೆ. ಮೋಡಬಿತ್ತನೆಯನ್ನು ರಾಜ್ಯ ಸರ್ಕಾರವು 2003ರ 'ವರುಣ' ಹಾಗೂ 2017ರ 'ವರ್ಷಧಾರಿ' ಯೋಜನೆಗಳಲ್ಲಿ ಕೈಗೊಂಡಿತ್ತು. ಆದರೆ ಅಲ್ಲಿನ ಉದ್ದೇಶ ಮಳೆಯೇ ಹೊರತು ರೂಪವಲ್ಲ.

ಮುಖ್ಯ ವ್ಯತ್ಯಾಸವಿರುವುದು ಕರ್ತೃತ್ವದಲ್ಲಿ. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕೆತ್ತಿ, ಅನೇಕ ಕಡೆ ತಮ್ಮ ಹೆಸರನ್ನೂ ಬರೆದಿಟ್ಟರು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರನ್ನು ಇಂದಿಗೂ ಓದಬಹುದು. ಅಲ್ಲಿ ಕೃತಿಯು ಶಿಲ್ಪಿಯ ಕೈಬಿಟ್ಟಾಗ ಪೂರ್ಣಗೊಂಡಿತ್ತು. ಬ್ಯಾಲರ್ಡ್ ಅವರ ಲೋಕದಲ್ಲಿ ಕೈಬಿಟ್ಟ ಮೇಲೆಯೇ ಕೃತಿ ತನ್ನ ಬಾಳನ್ನು ಆರಂಭಿಸುತ್ತದೆ. ಹೀಗಾಗಿ ಅದರ ಒಡೆತನ ಶಿಲ್ಪಿಗೆ ಸೇರಿದ್ದೇ, ಹಣ ತೆತ್ತವರಿಗೇ, ಅಥವಾ ಅದನ್ನು ದಿನವೂ ನೋಡಬೇಕಾದ ಊರಿಗೇ ಎಂಬ ಪ್ರಶ್ನೆ ಈ ಕಥೆಗಳ ತಿರುಳಾಗಿದೆ. ಸಾರ್ವಜನಿಕ ಸ್ಥಳಗಳಲ್ಲಿ ಪ್ರತಿಮೆ ನಿಲ್ಲಿಸುವ ಎಲ್ಲ ಸಮಾಜಗಳಿಗೂ ಆ ಪ್ರಶ್ನೆ ಅನ್ವಯಿಸುತ್ತದೆ.