‘ಲಾ ಬೊಬೇರಾ’: ಒಂದು ಜನಪದ ರೋಗನಾಮದ ಚರಿತ್ರೆ

‘ಅರವತ್ತಕ್ಕೆ ಅರಳು ಮರಳು’ ಎಂಬ ನಮ್ಮ ಗಾದೆ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಅದರಲ್ಲಿ ಪರಿಹಾಸ್ಯವಿದೆ, ಕ್ಷಮೆಯೂ ಇದೆ. ಕಾರಣದ ಹುಡುಕಾಟ ಮಾತ್ರ ಇಲ್ಲ. ಆದರೆ ನಲವತ್ತೈದರ ಪ್ರಾಯದಲ್ಲೇ ಈ ಸ್ಥಿತಿ ಒದಗಿದರೆ ಜನಸಮುದಾಯವು ಅದನ್ನು ಹೇಗೆ ವಿವರಿಸಿಕೊಳ್ಳುತ್ತದೆ? ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದ ನಿದರ್ಶನವು ಈ ದೃಷ್ಟಿಯಿಂದ ಗಮನಾರ್ಹವಾದುದು.

ಯಾರುಮಾಲ್ ಮೊದಲಾದ ಬೆಟ್ಟಸೀಮೆಯ ಊರುಗಳಲ್ಲಿ ಕೆಲವು ಕುಟುಂಬಗಳ ಸ್ತ್ರೀಪುರುಷರು ನಡುವಯಸ್ಸಿನಲ್ಲೇ ನೆನಪು ಕಳೆದುಕೊಳ್ಳುತ್ತಿದ್ದರು. ಜನರು ಇದನ್ನು ‘ಲಾ ಬೊಬೇರಾ’ ಎಂದು ಕರೆದರು. ಮಂಕುತನ, ಪೆದ್ದುತನ ಎಂದು ಅದರ ಅರ್ಥ. ಮುಟ್ಟಬಾರದ ಮರವನ್ನು ಮುಟ್ಟಿದ್ದರಿಂದ ಬಂದಿತೆಂದು ಕೆಲವರು, ಪಾದ್ರಿಯೊಬ್ಬನ ಶಾಪವೆಂದು ಮತ್ತೆ ಕೆಲವರು ನಂಬಿದ್ದರು. ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಶಾಪವೆಂಬುದು ವಂಶಕ್ಕೆ ತಗಲುವಂಥದು. ರೋಗವು ರಕ್ತಸಂಬಂಧದಲ್ಲಿ ಹರಿಯುತ್ತದೆಂಬುದನ್ನು ಜನರು ತಮಗೆ ಲಭ್ಯವಿದ್ದ ಭಾಷೆಯಲ್ಲಿಯೇ ಹೇಳುತ್ತಿದ್ದರು. ಅವರ ಕಾರಣ ತಪ್ಪಿತ್ತು, ಅವಲೋಕನ ತಪ್ಪಿರಲಿಲ್ಲ. (ಈ ಕುಟುಂಬಗಳ ಪ್ರಸ್ತಾಪ ಬಂದಾಗಲೆಲ್ಲ ಗಾರ್ಸಿಯಾ ಮಾರ್ಕೆಸ್‌ನ ಕಾದಂಬರಿಯಲ್ಲಿ ಬರುವ ಮರೆವಿನ ಪಿಡುಗನ್ನು ನೆನೆಯುವ ರೂಢಿಯಿದೆ. ಅಲ್ಲಿಯ ಮರೆವು ಅಂಟುಜಾಡ್ಯ, ಔಷಧದಿಂದ ವಾಸಿಯಾಗುವಂಥದು. ಹೋಲಿಕೆ ಅಷ್ಟೇನೂ ಸಮರ್ಪಕವಲ್ಲ.)

ಮೆಡೆಯಿನ್ ನಗರದ ಆಂಟಿಯೋಕಿಯಾ ವಿಶ್ವವಿದ್ಯಾಲಯದ ನರರೋಗತಜ್ಞ ಫ್ರಾನ್ಸಿಸ್ಕೊ ಲೊಪೇರಾ 1980ರ ದಶಕದಲ್ಲಿ ಈ ಕುಟುಂಬಗಳ ಅಧ್ಯಯನಕ್ಕೆ ತೊಡಗಿದರು. ಅವರ ತಂಡ ಅನುಸರಿಸಿದ ವಿಧಾನ ಜಾನಪದ ಕ್ಷೇತ್ರಕಾರ್ಯಕ್ಕೆ ತೀರ ಸಮೀಪದ್ದು. ಹಿರಿಯರ ಬಾಯಿಂದ ವಂಶಾವಳಿಗಳನ್ನು ಕೇಳಿ ಬರೆದುಕೊಂಡು, ಚರ್ಚುಗಳ ದೀಕ್ಷಾಸ್ನಾನ ಹಾಗೂ ಮರಣದ ದಾಖಲೆಗಳೊಂದಿಗೆ ತಾಳೆ ನೋಡುತ್ತ ಅವರು ಹದಿನೆಂಟನೆಯ ಶತಮಾನದವರೆಗೆ ಹಿಂದೆ ಸರಿದರು. ಅಂತರ್ಯುದ್ಧದ ಆ ದಿನಗಳಲ್ಲಿ ತಂಡದ ದಾದಿಯೊಬ್ಬರನ್ನು ಗೆರಿಲ್ಲಾಗಳು ಅಪಹರಿಸಿದ್ದೂ ಉಂಟು.

1995ರಲ್ಲಿ ಶಾಪದ ನೆಲೆ ತಿಳಿಯಿತು. ಹದಿನಾಲ್ಕನೆಯ ವರ್ಣತಂತುವಿನಲ್ಲಿರುವ ಪ್ರೆಸೆನಿಲಿನ್-1 ಎಂಬ ಜೀನಿನ ವ್ಯತ್ಯಯದಿಂದ ಪ್ರೋಟೀನಿನ 280ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಅಲನೀನ್ ಕುಳಿತಿತ್ತು. ಈ ಪ್ರೋಟೀನು ಕೋಶಪೊರೆಯಲ್ಲಿ ಮತ್ತೊಂದು ಪ್ರೋಟೀನನ್ನು ಕತ್ತರಿಸುವ ಕತ್ತರಿಯ ಭಾಗ. ಕತ್ತರಿ ಕೆಟ್ಟಾಗ ಅಂಟುಸ್ವಭಾವದ ಅಮೈಲಾಯ್ಡ್ ತುಣುಕುಗಳ ಪ್ರಮಾಣ ಏರಿ, ಅವು ಮಿದುಳಿನಲ್ಲಿ ಗಡ್ಡೆಗಟ್ಟುತ್ತವೆ. ನರಕೋಶಗಳೊಳಗೆ ಟೌ ಪ್ರೋಟೀನು ಸಿಕ್ಕುಗೊಳ್ಳುತ್ತದೆ. ದೇಹತೂಕದ ಕೇವಲ ಶೇ. 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಬಳಸುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್. ಕೂಡಿಟ್ಟುಕೊಳ್ಳುವ ಕಣಜ ಅದಕ್ಕೆ ಬಹುತೇಕ ಇಲ್ಲ. ಈ ವಂಶದವರ ಮಿದುಳಿನ ಪೆಟ್ ಚಿತ್ರಗಳಲ್ಲಿ, ಮರೆವು ಕಾಣಿಸಿಕೊಳ್ಳುವ ಎಷ್ಟೋ ಮುಂಚೆಯೇ ಹಿಂಭಾಗದ ಕೆಲವು ನೆಲೆಗಳಲ್ಲಿ ಗ್ಲೂಕೋಸ್ ಬಳಕೆ ತಗ್ಗಿರುವುದು ಕಂಡುಬಂದಿತು. ಒಲೆ ಆರುವುದಕ್ಕೆ ಮೊದಲೇ ಸೌದೆ ಉರಿಯುವುದು ನಿಂತಂತೆ.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನ 2019ರಲ್ಲಿ ಪ್ರಕಟವಾಯಿತು. ಅದೇ ದೋಷವಿದ್ದ ಮಹಿಳೆಯೊಬ್ಬರಿಗೆ ಎಪ್ಪತ್ತರ ದಶಕದವರೆಗೆ ನೆನಪು ಕುಂದಿರಲಿಲ್ಲ. ಅಮೈಲಾಯ್ಡ್ ವಿಪರೀತವಾಗಿ ತುಂಬಿದ್ದರೂ ಟೌ ಅಲ್ಪವಾಗಿತ್ತು, ಗ್ಲೂಕೋಸ್ ಬಳಕೆ ಉಳಿದುಕೊಂಡಿತ್ತು. ‘ಕ್ರೈಸ್ಟ್‌ಚರ್ಚ್’ ಎಂಬ ಅಪರೂಪದ ಜೀನ್ ರೂಪದ ಎರಡು ಪ್ರತಿಗಳು ಅವರಲ್ಲಿದ್ದವು. ಒಂದೇ ಪ್ರತಿಯಿದ್ದ 27 ಮಂದಿಯಲ್ಲೂ ರೋಗ ಸುಮಾರು ಐದು ವರ್ಷ ತಡವಾಯಿತೆಂದು 2024ರ ಅಧ್ಯಯನ ತೋರಿಸಿತು. ಶಾಪಕ್ಕೆ ವಿಮೋಚನೆಯೂ ಅದೇ ರಕ್ತಸಂಬಂಧದೊಳಗೆ ಅಡಗಿತ್ತೆಂಬುದು ಕುತೂಹಲಕರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೊಪೇರಾ ತೀರಿಕೊಂಡರು.

ಈ ಕುಟುಂಬಗಳ 252 ಮಂದಿ ಪಾಲ್ಗೊಂಡಿದ್ದ ಕ್ರೆನೆಜುಮ್ಯಾಬ್ ಔಷಧಪ್ರಯೋಗ 2022ರಲ್ಲಿ ನಿರೀಕ್ಷಿತ ಫಲ ನೀಡಲಿಲ್ಲ. ಅದರ ವ್ಯವಸ್ಥೆಯ ಒಂದಂಶ ಮಾತ್ರ ನನ್ನನ್ನು ಕಾಡುತ್ತಿದೆ. ಪಾಲ್ಗೊಂಡವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರಿಗೆ ದೋಷವೇ ಇರಲಿಲ್ಲ. ಅವರಿಗೂ ಹುಸಿಮದ್ದಿನ ಸೂಜಿ ಚುಚ್ಚಲಾಯಿತು. ಯಾರ ರಕ್ತದಲ್ಲಿ ಬೊಬೇರಾ ಇದೆಯೆಂಬುದನ್ನು ಪ್ರಯೋಗದಲ್ಲಿದ್ದ ಮಾತ್ರಕ್ಕೆ ಅವರಾಗಲಿ, ನೆರೆಮನೆಯವರಾಗಲಿ ಊಹಿಸದಿರಲೆಂದು.