ಹಾಲು, ಅನ್ನ ಬಿಟ್ಟರೆ ಸಾಕೇ? ಆರೋಗ್ಯಕರ ಊಟದ ತಟ್ಟೆಯ ಲೆಕ್ಕಾಚಾರ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಾಡಿನ ಹಳೆಯ ಗಾದೆ. ಆದರೆ ಊಟ ಬಲ್ಲವರಾಗುವುದು ಇಂದು ಸುಲಭದ ಕೆಲಸವಾಗಿ ಉಳಿದಿಲ್ಲ. ಒಬ್ಬರು ಅನ್ನ ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಹಾಲು ಬಿಡಿ ಎನ್ನುತ್ತಾರೆ, ಮತ್ತೊಬ್ಬರು ಸಿರಿಧಾನ್ಯವೊಂದೇ ಸಕಲ ರೋಗಕ್ಕೂ ಮದ್ದು ಎನ್ನುತ್ತಾರೆ. ಎಲ್ಲರೂ ಏನನ್ನು ಬಿಡಬೇಕು ಎಂಬುದನ್ನೇ ಹೇಳುತ್ತಾರೆಯೇ ಹೊರತು, ಬಿಟ್ಟ ಜಾಗದಲ್ಲಿ ತಟ್ಟೆಗೆ ಏನು ಬರಬೇಕು ಎಂಬುದನ್ನು ಹೇಳುವವರು ವಿರಳ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಾಗೂ ಅದರ ಅಂಗಸಂಸ್ಥೆಯಾದ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಿನಲ್ಲಿ ಭಾರತೀಯರಿಗಾಗಿ 17 ಆಹಾರ ಮಾರ್ಗಸೂಚಿಗಳನ್ನು ಪ್ರಕಟಿಸಿದವು. ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಅನಾರೋಗ್ಯಕರ ಆಹಾರ ಪದ್ಧತಿಯೇ ಕಾರಣ ಎಂಬ ಅಂದಾಜು ಅದರಲ್ಲಿದೆ. ಐಸಿಎಂಆರ್‌ನ ಮತ್ತೊಂದು ಅಧ್ಯಯನ 2023ರಲ್ಲಿ ಪ್ರಕಟವಾಗಿದ್ದು, ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8 ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿದೆ. ಹೊಟ್ಟೆ ತುಂಬ ಉಂಡರೂ ಪೋಷಣೆ ಸಿಗದಿರುವುದು ಈ ಅಂಕಿಸಂಖ್ಯೆಗಳ ಹಿಂದಿರುವ ಮುಖ್ಯ ಸಂಗತಿಗಳಲ್ಲಿ ಒಂದು.

ಸಸ್ಯಾಹಾರ, ವೀಗನ್, ಇಡಿ ಆಹಾರ

ಈ ಮೂರೂ ಒಂದೇ ಎಂದು ಭಾವಿಸುವವರಿದ್ದಾರೆ. ಮಾಂಸ, ಮೀನು, ಮೊಟ್ಟೆ ಬಿಟ್ಟು ಹಾಲು, ಮೊಸರು, ತುಪ್ಪ ಬಳಸುವುದು ನಮ್ಮಲ್ಲಿ ರೂಢಿಯಲ್ಲಿರುವ ಸಸ್ಯಾಹಾರ. ಹಾಲು, ತುಪ್ಪ, ಜೇನು ಸೇರಿದಂತೆ ಪ್ರಾಣಿಮೂಲದ ಯಾವುದನ್ನೂ ಬಳಸದಿರುವುದು ವೀಗನ್ ಪದ್ಧತಿ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 1944ರ ನವೆಂಬರ್‌ನಲ್ಲಿ ವೀಗನ್ ಸೊಸೈಟಿ ಸ್ಥಾಪಿಸಿದಾಗ ಈ ಪದ ಬಳಕೆಗೆ ಬಂತು.

ಇಡಿ ಆಹಾರ ಎಂಬುದು ಬೇರೆಯೇ ವಿಚಾರ. ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳನ್ನು ಅವುಗಳ ನೈಜ ರೂಪಕ್ಕೆ ಆದಷ್ಟು ಹತ್ತಿರವಾಗಿ, ತೌಡು, ನಾರು, ಸಿಪ್ಪೆಗಳನ್ನು ವೃಥಾ ಕಳೆಯದೆ ಬಳಸುವುದೇ ಇಡಿ ಆಹಾರ. ಮೈದಾ ಬಿಸ್ಕತ್ತು, ಸಕ್ಕರೆ ಪಾನಕ, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಇವೆಲ್ಲ ವೀಗನ್ ಆಗಿರಬಹುದು. ಅಷ್ಟರಿಂದಲೇ ಅವು ಆರೋಗ್ಯಕರವಾಗುವುದಿಲ್ಲ.

ತೌಡಿನೊಂದಿಗೆ ಹೋದ ಸತ್ವ

ಧಾನ್ಯದ ತೌಡು ತೆಗೆದರೆ ಏನಾಗುತ್ತದೆ ಎಂಬುದನ್ನು ವಿಜ್ಞಾನ ಕಲಿತದ್ದು ಕೋಳಿಗಳಿಂದ. ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್ಮನ್ 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಪಾಲಿಶ್ ಮಾಡಿದ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲಿನ ಬಲ ಕಳೆದುಕೊಂಡವು. ತೌಡಿರುವ ಅಕ್ಕಿ ತಿಂದಾಗ ಚೇತರಿಸಿಕೊಂಡವು. ತೌಡಿನಲ್ಲಿದ್ದ ಆ ಸತ್ವವೇ ಮುಂದೆ ಬಿ1 ಜೀವಸತ್ವ ಎಂದು ಹೆಸರಾಯಿತು. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಕಥೆಗೆ ದಕ್ಷಿಣ ಭಾರತದ ನಂಟೂ ಇದೆ. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ನೇತೃತ್ವದಲ್ಲಿ ಬೆರಿಬೆರಿ ವಿಚಾರಣಾ ಘಟಕ ಆರಂಭವಾಯಿತು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಾಗಿದೆ.

ಕರಾವಳಿಯ ಕುಚ್ಚಲಕ್ಕಿಯ ಹಿರಿಮೆ ಇರುವುದೂ ಇಲ್ಲಿಯೇ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ಜೀವಸತ್ವಗಳ ಒಂದು ಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಗಿರಣಿಗೆ ಹಾಕಿದ ಮೇಲೂ ಅದು ಬೆಳ್ತಿಗೆ ಅಕ್ಕಿಗಿಂತ ಹೆಚ್ಚು ಸತ್ವ ಉಳಿಸಿಕೊಳ್ಳುತ್ತದೆ. ರಾಗಿಯದು ಇನ್ನೊಂದು ಬಗೆ. ಅದರ ಕಾಳು ಚಿಕ್ಕದು, ತೌಡು ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಇಡಿಯಾಗಿಯೇ ಹಿಟ್ಟಾಗುತ್ತದೆ. ನವಣೆ, ಸಾಮೆ, ಊದಲುಗಳಿಗೆ ಈ ರಕ್ಷಣೆಯಿಲ್ಲ. ಹೊಟ್ಟು ತೆಗೆದ ನಂತರ ಅವುಗಳನ್ನೂ ಅಕ್ಕಿಯಂತೆ ಪಾಲಿಶ್ ಮಾಡಿ ಮಾರುವುದುಂಟು. ಕೊಳ್ಳುವಾಗ ಅತಿ ಬಿಳುಪಾಗಿ ಹೊಳೆಯುವ ಸಿರಿಧಾನ್ಯಕ್ಕಿಂತ ಮಾಸಲು ಬಣ್ಣದ್ದನ್ನು ಆರಿಸುವುದು ಲೇಸು.

ತಟ್ಟೆಯ ಅಳತೆ

ದಿನಕ್ಕೆ 2,000 ಕಿಲೊ ಕ್ಯಾಲೊರಿ ಅಗತ್ಯವಿರುವ ವಯಸ್ಕರಿಗೆ 2024ರ ಮಾರ್ಗಸೂಚಿ ಸೂಚಿಸುವ ಪ್ರಮಾಣ (ಹಸಿ ತೂಕದಲ್ಲಿ) ಹೀಗಿದೆ:

* ಧಾನ್ಯಗಳು: 250 ಗ್ರಾಂ
* ಬೇಳೆಕಾಳು (ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು, ಮಾಂಸವೂ ಸೇರಿ): 85 ಗ್ರಾಂ
* ಸೊಪ್ಪು ಮತ್ತು ತರಕಾರಿ: 400 ಗ್ರಾಂ
* ಹಣ್ಣು: 100 ಗ್ರಾಂ
* ಎಣ್ಣೆಕಾಳು, ಬೀಜಗಳು: 35 ಗ್ರಾಂ
* ಎಣ್ಣೆ, ತುಪ್ಪ: 27 ಗ್ರಾಂ
* ಹಾಲು ಅಥವಾ ಮೊಸರು: 300 ಮಿ.ಲೀ.

ಅನ್ನಕ್ಕೆ ತಿಳಿಸಾರು ಬೆರೆಸಿ, ಬದಿಗೆ ಉಪ್ಪಿನಕಾಯಿ ಇಟ್ಟುಕೊಂಡು ಉಣ್ಣುವ ಮನೆಗಳ ಊಟವನ್ನು ಈ ಪಟ್ಟಿಯ ಜೊತೆ ಹೋಲಿಸಿದರೆ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಧಾನ್ಯ ಅಳತೆ ಮೀರಿರುತ್ತದೆ. ಕಾಳು ಮತ್ತು ಸೊಪ್ಪು ಕಡಿಮೆ ಬೀಳುತ್ತವೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಎಂಬುದು ನೆನಪಿಡಲು ಸುಲಭವಾದ ಸೂತ್ರ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಎರಡೂ ಸೇರಿದಾಗ ಪ್ರೋಟೀನಿನ ಗುಣಮಟ್ಟ ಏರುತ್ತದೆ. ಮುದ್ದೆಗೆ ಕಾಳುಸಾರು, ರೊಟ್ಟಿಗೆ ಕಾಳುಪಲ್ಯ ಎಂಬ ಜೋಡಿಯ ಹಿಂದಿರುವ ಲಾಭ ಇದು.

60 ಕಿಲೊ ತೂಕದ ವ್ಯಕ್ತಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. 250 ಗ್ರಾಂ ರಾಗಿ ಅಥವಾ ಜೋಳದಿಂದ 18ರಿಂದ 25 ಗ್ರಾಂ, 85 ಗ್ರಾಂ ಕಾಳಿನಿಂದ ಸುಮಾರು 18 ಗ್ರಾಂ, 35 ಗ್ರಾಂ ಶೇಂಗಾ ಮತ್ತು ಎಳ್ಳಿನಿಂದ 7-8 ಗ್ರಾಂ ದೊರೆಯುತ್ತದೆ. ತರಕಾರಿಯ ಪಾಲೂ ಸೇರಿದರೆ ಹಾಲು, ಮಾಂಸವಿಲ್ಲದೆಯೂ ಲೆಕ್ಕ ತುಂಬುತ್ತದೆ. ಆದರೆ ಈ ಲೆಕ್ಕ ನಿಂತಿರುವುದು ಕಾಳಿನ ಮೇಲೆ. ಹಾಲನ್ನೂ ಬಿಟ್ಟು ಕಾಳನ್ನೂ ಮರೆತರೆ ತುಂಬುವುದಿಲ್ಲ.

ಹಾಲು ಬಿಟ್ಟವರ ಕ್ಯಾಲ್ಸಿಯಂ

ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ ಹೇಳುತ್ತದೆ. 300 ಮಿ.ಲೀ. ಹಾಲಿನಿಂದ ಸುಮಾರು 350 ಮಿ.ಗ್ರಾಂ ಸಿಗುತ್ತದೆ. ಅಷ್ಟೇ ಪ್ರಮಾಣ 100 ಗ್ರಾಂ ರಾಗಿಯಲ್ಲಿದೆ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿ.ಗ್ರಾಂಗೂ ಮಿಗಿಲು, ಒಂದು ದೊಡ್ಡ ಚಮಚ ಸಿಪ್ಪೆಸಹಿತ ಎಳ್ಳಿನಲ್ಲಿ 100 ಮಿ.ಗ್ರಾಂಗೂ ಮಿಗಿಲು ಕ್ಯಾಲ್ಸಿಯಂ ಇದೆ. ಪಾಲಕ್‌ನಲ್ಲಿಯೂ ಕ್ಯಾಲ್ಸಿಯಂ ಇದೆಯಾದರೂ ಆಕ್ಸಲೇಟ್ ಎಂಬ ವಸ್ತು ಅದನ್ನು ಹಿಡಿದಿಡುವುದರಿಂದ ದೇಹಕ್ಕೆ ದಕ್ಕುವುದು ಅಲ್ಪ.

ಧಾನ್ಯ, ಕಾಳುಗಳಲ್ಲಿರುವ ಫೈಟಿಕ್ ಆಮ್ಲವೂ ಖನಿಜಗಳನ್ನು ಕಟ್ಟಿಹಾಕುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುದುಗಿಸುವುದು ಇದಕ್ಕೆ ಪರಿಹಾರ. ಮೊಳಕೆ ಬರಿಸಿದ ಹುರುಳಿ, ರಾಗಿಯ ಹುರಿಹಿಟ್ಟು, ಹುದುಗಿದ ದೋಸೆಹಿಟ್ಟು ಈ ಮೂರೂ ಇಲ್ಲಿನ ಅಡುಗೆಮನೆಗಳಿಗೆ ಹೊಸದಲ್ಲ.

ಬಿ12: ತಟ್ಟೆಯಲ್ಲಿ ಸಿಗದ ಸತ್ವ

ವೀಗನ್ ಊಟದಲ್ಲಿ ಎಷ್ಟೇ ಜಾಣತನದಿಂದ ಆರಿಸಿದರೂ ದೊರೆಯದ ಒಂದು ಸತ್ವವಿದೆ. ಅದು ಬಿ12 ಜೀವಸತ್ವ. ಇದನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಮನುಷ್ಯರಿಗೆ ತಲುಪುವುದು ಹಾಲು, ಮೊಟ್ಟೆ, ಮೀನು, ಮಾಂಸಗಳ ಮೂಲಕ. ದಿನದ ಅಗತ್ಯ ಎರಡರಿಂದ ಎರಡೂವರೆ ಮೈಕ್ರೊಗ್ರಾಂ ಮಾತ್ರ. ಆದರೆ ಅದು ಇಲ್ಲವಾದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೊಡಕು ಕಾಣಿಸಿಕೊಳ್ಳಬಹುದು. ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದಿರಬಹುದು.

ಇಡ್ಲಿಹಿಟ್ಟಿನ ಹುದುಗಿನಲ್ಲಿ ಅಥವಾ ಸ್ಪಿರುಲಿನಾ ಪಾಚಿಯಲ್ಲಿ ಬೇಕಾದಷ್ಟು ಬಿ12 ಇದೆ ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ಸ್ಪಿರುಲಿನಾದಲ್ಲಿರುವುದು ಬಹುಪಾಲು ದೇಹ ಬಳಸಿಕೊಳ್ಳಲಾಗದ ರೂಪ. ಪೂರಕ ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರವೇ ಭರವಸೆಯ ದಾರಿ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಕೊರತೆ ಕೆಲವೊಮ್ಮೆ ವರ್ಷಗಟ್ಟಲೆ ಕಾಣಿಸುವುದಿಲ್ಲ. ಹಾಲು ಬಿಟ್ಟು ಎರಡು ವರ್ಷವಾದರೂ ಏನೂ ಆಗಿಲ್ಲ ಎಂಬುದು ಸುರಕ್ಷತೆಯ ಪುರಾವೆಯಲ್ಲ. ಹಾಲು ಕಡಿಮೆ ಕುಡಿಯುವ ಸಸ್ಯಾಹಾರಿಗಳಿಗೂ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರಿಗೂ ಈ ಎಚ್ಚರ ಅನ್ವಯಿಸುತ್ತದೆ.

ಕಬ್ಬಿಣಾಂಶ: ಕೊನೆಗೆ ಉಣ್ಣುವವರ ಪಾಲು

ಐಸಿಎಂಆರ್ ಲೆಕ್ಕದಲ್ಲಿ ಪುರುಷರಿಗೆ ದಿನಕ್ಕೆ 19 ಮಿ.ಗ್ರಾಂ ಕಬ್ಬಿಣ ಸಾಕಾದರೆ ಮಹಿಳೆಯರಿಗೆ 29 ಮಿ.ಗ್ರಾಂ ಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಮನೆಯೊಡತಿಯ ಪಾಲಿಗೆ ಪಲ್ಯ, ಕಾಳು ಮುಗಿದು ಅನ್ನ ಸಾರು ಮಾತ್ರ ಉಳಿಯುವುದು ಅಪರೂಪವಲ್ಲ. ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುವ ಇಂಥ ಊಟದಲ್ಲಿ ಯಾವ ಆಹಾರ ಪದ್ಧತಿಯೂ ಫಲ ಕೊಡುವುದಿಲ್ಲ. ಒಟ್ಟಿಗೆ ಕುಳಿತು ಉಣ್ಣುವುದು, ಇಲ್ಲವೇ ಬಡಿಸುವವರ ಪಾಲನ್ನು ಮೊದಲೇ ತೆಗೆದಿಡುವುದು ಖರ್ಚಿಲ್ಲದ ಪರಿಹಾರ.

ಸಜ್ಜೆ, ಕಡಲೆ, ಹುರುಳಿ, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಸಸ್ಯಮೂಲದ ಕಬ್ಬಿಣ ದೇಹಕ್ಕೆ ನಿಧಾನವಾಗಿ ದಕ್ಕುತ್ತದೆ. ಸಿ ಜೀವಸತ್ವ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಕೋಸಂಬರಿಗೆ ಹಿಂಡುವ ನಿಂಬೆ, ಊಟದ ಜೊತೆಗಿನ ನೆಲ್ಲಿಕಾಯಿ, ಊಟದ ನಂತರದ ಸೀಬೆಹಣ್ಣು ಆ ಕೆಲಸ ಮಾಡುತ್ತವೆ. ಊಟದ ಜೊತೆಗೇ ಕುಡಿಯುವ ಕಾಫಿ, ಚಹಾ ಇದನ್ನು ತಡೆಯುತ್ತವೆ; ಊಟಕ್ಕೂ ಅವಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ರಕ್ತಹೀನತೆ ಈಗಾಗಲೇ ಇದ್ದರೆ ಆಹಾರವೊಂದೇ ಸಾಲದು, ವೈದ್ಯರು ಹೇಳಿದ ಮಾತ್ರೆಯೂ ಬೇಕಾಗುತ್ತದೆ.

ಪೊಟ್ಟಣದ ಹಿಂಬದಿ ಓದಿ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿ ವಯಸ್ಕರ ಮೇಲೆ ನಡೆಸಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರವನ್ನು ಇಷ್ಟವಿದ್ದಷ್ಟು ತಿನ್ನಲು ನೀಡಲಾಯಿತು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರಿನ ಪ್ರಮಾಣ ಸಮನಾಗಿದ್ದರೂ ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಜನ ದಿನಕ್ಕೆ ಸುಮಾರು 500 ಕಿಲೊ ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು.

ಭಾರತದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ಸಸ್ಯಾಹಾರದ ಗುರುತು; ಅದರಲ್ಲಿ ಹಾಲು, ಜೇನು ಇರಬಹುದು. ವೀಗನ್ ಆಹಾರಕ್ಕೆ ಹಸಿರು ‘ವಿ’ ಅಕ್ಷರದ ಪ್ರತ್ಯೇಕ ಚಿಹ್ನೆಯಿದ್ದು, ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಇದರ ನಿಯಮಗಳನ್ನು ಜಾರಿಗೊಳಿಸಿತು. ಎರಡು ಗುರುತುಗಳೂ ಆರೋಗ್ಯದ ಪ್ರಮಾಣಪತ್ರಗಳಲ್ಲ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಸಂಸ್ಕರಿಸಿದ ಗೋಧಿ ಹಿಟ್ಟು, ಅಂದರೆ ಮೈದಾ, ಮೊದಲಿದ್ದು ರಾಗಿ ನಾಲ್ಕನೆಯದಾಗಿದ್ದರೆ ಅದು ಮೈದಾ ಬಿಸ್ಕತ್ತೇ ಸರಿ.

ಒಂದು ದಿನದ ವೀಗನ್ ಊಟ

* ಬೆಳಿಗ್ಗೆ: ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಅಗಸಿ ಅಥವಾ ಗುರೆಳ್ಳು ಚಟ್ನಿಪುಡಿ. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಇರುವುದು ವಿಶೇಷ.
* ನಡುವೆ: ಸೀಬೆ ಅಥವಾ ಬಾಳೆಹಣ್ಣು.
* ಮಧ್ಯಾಹ್ನ: ರಾಗಿ ಮುದ್ದೆ, ಸೊಪ್ಪು-ಕಾಳಿನ ಬಸ್ಸಾರು, ತರಕಾರಿ ಪಲ್ಯ, ನಿಂಬೆ ಹಿಂಡಿದ ಕೋಸಂಬರಿ.
* ಸಂಜೆ: ಬೇಯಿಸಿದ ಕಡಲೆಕಾಳು ಇಲ್ಲವೇ ಒಂದು ಹಿಡಿ ಶೇಂಗಾ.
* ರಾತ್ರಿ: ಕುಚ್ಚಲಕ್ಕಿ ಅಥವಾ ನವಣೆ ಅನ್ನ, ಹುರುಳಿ ಸಾರು, ತರಕಾರಿ.

ಹಾಲು ಬಳಸುವವರು ಮಜ್ಜಿಗೆ, ಮೊಸರನ್ನು, ಮಾಂಸಾಹಾರಿಗಳು ಮೊಟ್ಟೆ, ಮೀನನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲಿ ಸೇರಿದೆ. ಬಳಸುವುದು ಅಯೋಡಿನ್‌ಯುಕ್ತ ಉಪ್ಪಾಗಿರಲಿ. ಮಧುಮೇಹಿಗಳು ರಾಗಿಯನ್ನೂ ಅಳತೆಯಲ್ಲಿಯೇ ಉಣ್ಣಬೇಕು. ಅದೂ ಪಿಷ್ಟವೇ, ನುಣ್ಣನೆಯ ಹಿಟ್ಟಿನ ಗಂಜಿಯಾದರೆ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ.

ಯಾರು ವೈದ್ಯರನ್ನು ಕೇಳಬೇಕು?

ಅಮೆರಿಕದ ಪೋಷಣೆ ಮತ್ತು ಪಥ್ಯಾಹಾರ ತಜ್ಞರ ಅಕಾಡೆಮಿ, ಸರಿಯಾಗಿ ಯೋಜಿಸಿದ ವೀಗನ್ ಆಹಾರ ಬದುಕಿನ ಎಲ್ಲ ಹಂತಗಳಿಗೂ ಸೂಕ್ತ ಎಂದು 2016ರಲ್ಲಿ ಹೇಳಿತ್ತು. 2025ರ ಪರಿಷ್ಕೃತ ಹೇಳಿಕೆ ವಯಸ್ಕರಿಗೆ ಮಾತ್ರ ಸೀಮಿತವಾಗಿದ್ದು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಅದರ ವ್ಯಾಪ್ತಿಯಲ್ಲಿಲ್ಲ. ತಾಯಿಗೆ ಬಿ12 ಕೊರತೆಯಿದ್ದರೆ ಎದೆಹಾಲಿನಲ್ಲಿಯೂ ಅದು ಕಡಿಮೆಯಾಗಿ, ಮಗುವಿನ ಬೆಳವಣಿಗೆ ಕುಂಠಿತಗೊಳ್ಳಬಹುದು. ಕೈಕಾಲು ನಡುಗುವುದು, ಕಲಿತ ಚಟುವಟಿಕೆ ಮರೆಯುವುದು ಕಾಣಬಹುದು. ಗರ್ಭಿಣಿಯರು, ಬಾಣಂತಿಯರು, ಎಳೆಯ ಮಕ್ಕಳು, ವೃದ್ಧರು, ಮೂತ್ರಪಿಂಡದ ತೊಂದರೆಯುಳ್ಳವರು ಹಾಗೂ ಮಧುಮೇಹಕ್ಕೆ ಔಷಧ ಸೇವಿಸುವವರು ತಜ್ಞರ ಸಲಹೆಯಿಲ್ಲದೆ ಆಹಾರ ಪದ್ಧತಿ ಬದಲಿಸುವುದು ಸರಿಯಲ್ಲ.

ಉಳಿದವರು ಒಮ್ಮೆಗೇ ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಮೊದಲ ವಾರ ದಿನಕ್ಕೊಂದು ಹೊತ್ತಿನ ಬಿಳಿ ಅಕ್ಕಿಯ ಬದಲು ಇಡಿಧಾನ್ಯ, ಎರಡನೆಯ ವಾರ ದಿನಕ್ಕೊಂದು ಹಿಡಿ ಹೆಚ್ಚುವರಿ ಕಾಳು, ಮೂರನೆಯ ವಾರ ದಿನವೂ ಸೊಪ್ಪು ಎಂದು ಆರಂಭಿಸಬಹುದು. ನಾರಿನಂಶ ದಿಢೀರನೆ ಹೆಚ್ಚಿದರೆ ಹೊಟ್ಟೆ ಉಬ್ಬರ ಉಂಟಾಗುವುದರಿಂದ ನಿಧಾನವೇ ಒಳ್ಳೆಯದು. ಯಾವುದೇ ಪದಾರ್ಥವನ್ನು ಬಿಡುವ ಮುನ್ನ ಅದರಿಂದ ಸಿಗುತ್ತಿದ್ದುದು ಏನು, ಇನ್ನು ಮುಂದೆ ಅದು ಎಲ್ಲಿಂದ ಸಿಗುತ್ತದೆ ಎಂದು ಬರೆದಿಟ್ಟುಕೊಳ್ಳುವುದು ಉತ್ತಮ. ಉತ್ತರ ಹೊಳೆಯದಿದ್ದಲ್ಲಿ ಆಹಾರ ತಜ್ಞರನ್ನು ಕೇಳಿ ತಿಳಿಯುವವರೆಗೆ ಬಿಡುವುದನ್ನು ಮುಂದೂಡುವುದೇ ಕ್ಷೇಮ.