ಕಾರಾಪುರದ ಹುಡುಗ, ಮುಂಬಯಿಯ ಪ್ರೇಕ್ಷಕ

ಒಂದೇ ವಿದೇಶಿ ಚಿತ್ರವನ್ನು ಅಲ್ಲಿಯ ವಿಮರ್ಶಕರು ಹೊಗಳುತ್ತಾರೆ, ಇಲ್ಲಿಯವರು ತೆಗಳುತ್ತಾರೆ. ಹೀಗೇಕೆ? ಮೈಸೂರಿನ ಮಾವುತನ ಮಗನೊಬ್ಬನ ಕತೆಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ.

ಖೆಡ್ಡಾಕ್ಕೆ ಹೆಸರಾಗಿದ್ದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು ಸಾಬು. ತಂದೆ ಮಹಾರಾಜರ ಆನೆಗಳ ಮಾವುತ. ಕಿಪ್ಲಿಂಗ್ ಬರೆದ ಕತೆಯೊಂದನ್ನು ಚಿತ್ರವಾಗಿಸಲು ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ತಂದೆಯನ್ನು ಕಳೆದುಕೊಂಡಿದ್ದ ಈ ಬಾಲಕನಿಗೆ ನಾಯಕನ ಪಾತ್ರ ದೊರೆಯಿತು. ಉಳಿದ ಭಾಗವನ್ನು ಜೋಲ್ಟನ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಆದರೂ ಕಾದಂಬರಿಕಾರ ಗ್ರಹಾಂ ಗ್ರೀನ್ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಅದನ್ನು ಟೀಕಿಸಿದರು. ಭಾರತದಲ್ಲಿ ಕಳೆದ ಅಷ್ಟು ಕಾಲಕ್ಕೆ ತೆರೆಯ ಮೇಲೆ ಕಂಡ ಫಲ ಅಲ್ಪ ಎಂಬುದು ಅವರ ದೂರು. ಅದು ಕಲೆಯ ಕುರಿತ ತಕರಾರು.

ಮರುವರ್ಷದ ‘ದಿ ಡ್ರಮ್’ ಎಬ್ಬಿಸಿದ ಪ್ರಶ್ನೆಯೇ ಬೇರೆ. ವಾಯವ್ಯ ಗಡಿನಾಡಿನ ಈ ಕತೆಯಲ್ಲಿ ಸಾಬು, ನಗಾರಿ ಬಾರಿಸಿ ಬ್ರಿಟಿಷರನ್ನು ಅಪಾಯದಿಂದ ಪಾರುಮಾಡುವ ರಾಜಕುಮಾರ. ಅವರನ್ನು ಎದುರಿಸುವವನು ಕ್ರೂರ ಖಳ. ಮುಂಬಯಿಯಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಚಿತ್ರದ ಪ್ರದರ್ಶನ ನಿಂತಿತು.

1939ರಲ್ಲಿ ಹಾಲಿವುಡ್ಡಿನ ‘ಗಂಗಾ ದಿನ್’ ಬಂತು. ಇದರಲ್ಲಿ ಸಾಬು ಇರಲಿಲ್ಲ. ಆದರೆ ಬ್ರಿಟಿಷ್ ಸೈನಿಕರಿಗಾಗಿ ಪ್ರಾಣ ಕೊಡುವ ಭಾರತೀಯನೇ ಇಲ್ಲಿಯೂ ಸಜ್ಜನ. ಖ್ವಾಜಾ ಅಹ್ಮದ್ ಅಬ್ಬಾಸ್ ‘ಫಿಲ್ಮ್ ಇಂಡಿಯಾ’ ಪತ್ರಿಕೆಯಲ್ಲಿ ಇದನ್ನು ಸಾಮ್ರಾಜ್ಯಶಾಹಿಯ ಪ್ರಚಾರವೆಂದು ಖಂಡಿಸಿದರು. ಬಂಗಾಳ ಮತ್ತು ಮುಂಬಯಿ ಪ್ರಾಂತಗಳಲ್ಲಿ ಚಿತ್ರ ನಿಷೇಧಕ್ಕೊಳಗಾಯಿತು. ಕೃಷ್ಣೆಯ ದಂಡೆಯ ಗಲಗಲಿಯನ್ನೊಳಗೊಂಡ ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸಾಬುವಿನ ಮೈಸೂರು ಮಹಾರಾಜರ ಸಂಸ್ಥಾನ. ಚಿತ್ರಮಂದಿರದ ಪರದೆಯ ಮೇಲೆ ಏನು ಮೂಡಬೇಕೆಂಬುದನ್ನು ಕನ್ನಡ ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಸರಕಾರ ತೀರ್ಮಾನಿಸುತ್ತಿದ್ದ ಕಾಲವದು.

ನಟರ ಅಭಿನಯ, ಛಾಯಾಗ್ರಹಣಗಳು ಎಷ್ಟೇ ಚೆನ್ನಾಗಿದ್ದರೂ ಆಳಿಸಿಕೊಳ್ಳುತ್ತಿದ್ದವರ ಮೊದಲ ಪ್ರಶ್ನೆ ಬೇರೆಯದೇ ಆಗಿತ್ತು: ಇದರಲ್ಲಿ ನಮ್ಮನ್ನು ಹೇಗೆ ತೋರಿಸಿದ್ದಾರೆ? ಆಳುವ ದೇಶದ ವಿಮರ್ಶಕನಿಗೆ ಈ ಪ್ರಶ್ನೆ ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ನಿಷೇಧ ಸರಿಯೇ ಎಂಬ ಚರ್ಚೆ ಏನೇ ಇರಲಿ, ಆ ಪ್ರಶ್ನೆ ಮಾತ್ರ ನ್ಯಾಯವಾದದ್ದು.

ಸಾಬು ಮುಂದೆ ‘ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಲ್ಲಿ ಜಗತ್ಪ್ರಸಿದ್ಧನಾದ. 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿಯ ವಾಯುಪಡೆಯಲ್ಲಿ ಹೋರಾಡಿ ಶೌರ್ಯಪದಕವನ್ನೂ ಗಳಿಸಿದ. 1963ರಲ್ಲಿ, 39ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ‘ದಿ ಡ್ರಮ್’ ತೆರೆಕಂಡಾಗ ಅವನಿಗೆ ಕೇವಲ 14 ವರ್ಷ. ಕತೆ ಬರೆದವನು ಅವನಲ್ಲ, ನಗಾರಿಯನ್ನು ಅವನ ಕೈಗೆ ಕೊಟ್ಟವರು ಬೇರೆಯವರು.